ಕೌದಿಯೊಳಗೆ ಹನ್ನೊಂದು ತತ್ತಿ

ನಾನು ಕೊಪ್ಪಳ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಗಿಣಿಗೇರಾಕ್ಕೆ ಬರುವವರೆಗೆ ನನಗೆ ತತ್ತಿ ಎಂದರೆ ಅಂಗಡಿಯ ಟ್ರೇನಲ್ಲಿ ಸಾಲಾಗಿ ಕೂತ ಬಿಳಿ ಸಾಮಾನು, ಅಷ್ಟೇ. ಅತ್ತೆಯ ಮನೆಯಲ್ಲಿ ಮೂರು ಹೇಂಟೆಗಳಿದ್ದವು. ಆ ಬೇಸಿಗೆಯಲ್ಲಿ ಕೆಂಪು ಹೇಂಟೆ ಕಾವಿಗೆ ಕೂತಾಗ ಅತ್ತೆ ಬುಟ್ಟಿಗೆ ಹುಲ್ಲು ಹಾಸಿ ಹನ್ನೊಂದು ತತ್ತಿ ಇಟ್ಟರು.

ನಮ್ಮಲ್ಲಿ ಹುಂಜ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯಲ್ಲಿ. ಆ ಮನೆಯಾಕೆಗೂ ಅತ್ತೆಗೂ ನಳದ ನೀರಿನ ಪಾಳಿಗಾಗಿ ಜಗಳವಾಗಿ ಮೂರು ತಿಂಗಳಿಂದ ಮಾತು ಬಂದ್. ಅತ್ತೆಯ ಸಿಟ್ಟು ಹುಂಜದ ಮೇಲೂ ಇತ್ತು. ಅದು ಗೋಡೆಯ ಮೇಲೆ ಕಾಣಿಸಿದರೆ ಸಾಕು, ಕಸಬರಿಗೆ ಹಾರುತ್ತಿತ್ತು. ತತ್ತಿ ಇಟ್ಟ ಸುದ್ದಿ ತಿಳಿದ ಆಕೆ ಗೋಡೆಯಾಚೆ ನಿಂತು, ಯಾರಿಗೂ ಅಲ್ಲವೆಂಬಂತೆ ಗಟ್ಟಿಯಾಗಿ ಹೇಳಿದಳು:

"ಹುಂಜನ್ನ ಹೊಡದ್ ಓಡಿಸಿದ್ರ ಮರಿ ಎಲ್ಲಿಂದ ಬರ್ತಾವು? ಬರೇ ಗೊಡ್ಡ ತತ್ತಿ ಕಾಯಿಸಾಕತ್ತಾರ!"

ಅತ್ತೆ ಒಳಗೆ ಬಂದು ನನ್ನೆದುರು ಕುಸಿದು ಕೂತರು. "ಖರೇನ ಗೊಡ್ಡ ಇದ್ರ ಏನ್ ಮಾಡೂದವಾ?"

ಮೊದಲೆಲ್ಲ ಅವರು ತತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿಯೇ ಹೇಳುತ್ತಿದ್ದರಂತೆ. ಈಗ ಕಣ್ಣು ಮಂಜು. ನಾನು ಮೊಬೈಲಿನಲ್ಲಿ ಹುಡುಕಿದೆ. ಕಾವಿಗೆ ಇಟ್ಟು ಒಂದು ವಾರವಾದ ಮೇಲೆ ಕತ್ತಲಲ್ಲಿ ಅಡಿಯಿಂದ ಬೆಳಕು ಬಿಟ್ಟರೆ ಒಳಗಿನದು ಕಾಣುತ್ತದೆ ಎಂದಿತ್ತು.

ಎಂಟನೆಯ ದಿನ ಮಧ್ಯಾಹ್ನ ಬಾಗಿಲು ಹಾಕಿದೆವು. ಆದರೆ ನಮ್ಮ ತಗಡಿನ ಮಾಡಿಗೆ ಅಲ್ಲಲ್ಲಿ ತೂತು, ಕತ್ತಲಾಗುವ ಮಾತೇ ಇಲ್ಲ. ಕೊನೆಗೆ ಅತ್ತೆ ದಪ್ಪನೆಯ ಕೌದಿ ತಂದು ನಮ್ಮಿಬ್ಬರ ತಲೆಯ ಮೇಲೂ ಹೊದಿಸಿದರು. ಬಿರುಬೇಸಿಗೆ, ಮೇಲೆ ಕೌದಿ, ನಡುವೆ ಚಪ್ಪಲಿಯ ಖಾಲಿ ಡಬ್ಬಿ. ಡಬ್ಬಿಯೊಳಗೆ ಮೊಬೈಲಿನ ಟಾರ್ಚ್, ಮುಚ್ಚಳದಲ್ಲಿ ಕೊರೆದ ತೂತಿನ ಮೇಲೆ ತತ್ತಿ.

"ಅತ್ತಿ, ಅಲ್ಲಾಡಬ್ಯಾಡ್ರಿ."

"ಕುದ್ದ ಹೋಗಾಕತ್ತೀನಿ, ಲಗೂ ತೋರ್ಸ ಬೇ."

ಮೊದಲನೆಯದು ದೀಪದ ಬುಡ್ಡಿಯಂತೆ ಬರೀ ಹಳದಿ, ಒಳಗೆ ಏನೂ ಇಲ್ಲ. ಎರಡನೆಯದೂ ಹಾಗೇ. ಅತ್ತೆ ನಿಟ್ಟುಸಿರು ಬಿಟ್ಟರು. ಮೂರನೆಯದನ್ನು ಇಟ್ಟೆ. ಕೆಂಪು ಎಳೆಗಳು ಸುತ್ತ ಹರಡಿದ್ದವು, ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಆ ಚುಕ್ಕೆ ಪಟಕ್ಕನೆ ಜಿಗಿಯಿತು.

"ಅಲ್ಲಾಡ್ತು! ಅತ್ತಿ, ಅಲ್ಲಾಡ್ತು!" ಎಂದು ಕಿರುಚಿದೆ. ನೋಡಲು ಬಾಗಿದ ಅತ್ತೆಯ ಹಣೆ ನನ್ನ ಹಣೆಗೆ ಢಿಕ್ಕಿ ಹೊಡೆಯಿತು. ನಾಲ್ಕನೆಯದರಲ್ಲೂ ಜೀವ, ಐದನೆಯದರಲ್ಲೂ ಜೀವ! ಪ್ರತಿ ತತ್ತಿಗೂ ಇಬ್ಬರೂ ಕೂಗುತ್ತಿದ್ದೆವು. ಒಟ್ಟು ಒಂಬತ್ತು. ಆಮೇಲೆ ಅತ್ತೆ ಒಮ್ಮೆಲೇ ನನ್ನತ್ತ ತಿರುಗಿದರು.

"ಅಂದ್ರ ಆ ಹುಂಜ ಬಂದಿತ್ತಾ?"

"ಬಂದಿರ್ಲೇಬೇಕಲ್ರಿ ಅತ್ತಿ."

"ನಾ ಜಳಕಕ್ಕ ಹೋದಾಗ ಬಂದಾನ, ಕಳ್ಳ!"

ನನಗೆ ನಗು ತಡೆಯಲಿಲ್ಲ. ಅವರಿಗೂ ತಡೆಯಲಿಲ್ಲ. ಮದುವೆಯಾಗಿ ಐದು ತಿಂಗಳಾಗಿತ್ತು, ನಾವಿಬ್ಬರೂ ಹೀಗೆ ನಕ್ಕದ್ದು ಅದೇ ಮೊದಲು. ಕೈಯಲ್ಲಿದ್ದ ತತ್ತಿ ಎಲ್ಲಿ ಒಡೆದೀತೋ ಎಂಬ ಭಯಕ್ಕೆ ನಗು ಇನ್ನೂ ಹೆಚ್ಚುತ್ತಿತ್ತು.

ನಮ್ಮ ಕಿರುಚಾಟ ಕೇಳಿ ಪಕ್ಕದ ಮನೆಯಾಕೆ ಜಗಳ ಮರೆತು ಬಾಗಿಲು ದೂಡಿಕೊಂಡು ಬಂದಳು. ಕಂಡದ್ದು ಗದಗದ ನಡುಗುವ ಕೌದಿ, ಅದರ ಅಂಚಿನಲ್ಲಿ ಬೆಳಕು. "ಯಕ್ಕಾ! ಏನಾತ ಯಕ್ಕಾ?"

ಅತ್ತೆ ಬೆವರಿನ ಮುಖ ಹೊರಹಾಕಿ ಹೇಳಿದರು: "ನಿನ್ನ ಹುಂಜ ಭಾಳ ಕೆಲಸದವ ಅದಾನ ಬೇ. ಬಾ, ಒಳಗ ಬಾ."

ಆಕೆಯೂ ನುಸುಳಿದಳು. ಮೂವರಿಗೆ ಕೌದಿ ಸಾಲದೆ ನನ್ನ ಬೆನ್ನು ಹೊರಗುಳಿಯಿತು. ಒಂಬತ್ತನ್ನೂ ಮತ್ತೊಮ್ಮೆ ತೋರಿಸಬೇಕಾಯಿತು.

"ನಮ್ಮ ಹುಂಜನ ಕಣ್ಣ ಬಂದಾವ ನೋಡ್ರಿ," ಎಂದಳು ಆಕೆ, ಕಪ್ಪು ಚುಕ್ಕೆಗೆ ಬೆರಳು ತೋರಿಸಿ.

"ಕಣ್ಣ ನಮ್ಮ ಕೆಂಪ ಹ್ಯಾಂಟಿದು. ನಿಂದು ಬರೇ ಕಳ್ಳ ಬುದ್ಧಿ," ಎಂದರು ಅತ್ತೆ. ಮತ್ತೆ ಮೂವರೂ ನಕ್ಕೆವು.

ಗೊಡ್ಡು ಎರಡನ್ನು ತೆಗೆದು ಉಳಿದವನ್ನು ಬೇಗ ಹೇಂಟೆಯ ಹೊಟ್ಟೆಯಡಿ ಇಟ್ಟೆವು. ಇಪ್ಪತ್ತೊಂದನೆಯ ದಿನ ಎಂಟು ಮರಿಗಳು ಹೊರಬಂದವು. ಒಂದು ಮಾತ್ರ ಚಿಪ್ಪು ಒಡೆಯಲೇ ಇಲ್ಲ. ಒದ್ದೆ ಮರಿಯೊಂದನ್ನು ಅತ್ತೆ ನನ್ನ ಅಂಗೈಯಲ್ಲಿಟ್ಟರು. ಅದು ಬೆರಳುಗಳ ನಡುವೆ ತಲೆ ತೂರಿಸಿ ಕೀಚ್ ಎಂದಾಗ ನಾನು ಅಂಗಳದಲ್ಲೇ ಕುಣಿದುಬಿಟ್ಟೆ.