ನೀಲಿ ರಟ್ಟಿನ ನೋಟ್‌ಬುಕ್ಕು

ಮೂವತ್ತೆಂಟು ದಾಟಿದ ಮೇಲೆ ರ‍್ಯಾಪ್ ಹಾಡುವುದು ಗಂಟಲಿನ ಕೆಲಸವಲ್ಲ, ಮೊಣಕಾಲಿನ ಕೆಲಸ. ಗಂಟಲನ್ನು ಬಿಸಿನೀರು, ಜ್ಯೇಷ್ಠಮಧು ಅಂತ ಹೇಗೋ ಸಮಾಧಾನ ಮಾಡಬಹುದು. ವೇದಿಕೆಯ ಮೇಲೆ ಒಂದೂವರೆ ಗಂಟೆ ಕುಣಿದ ಮರುದಿನ ಮೊಣಕಾಲು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಎದುರಿಗೆ ನಿಂತವರೋ ಹದಿನೆಂಟು ಹತ್ತೊಂಬತ್ತರ ಹುಡುಗರು. ಅವರಿಗೆ ಬೇಕಾದದ್ದು ಒಂದೇ ಹಾಡು. ಹೊಸತೇನಾದರೂ ಹಾಡಿದರೆ ಫೋನು ನೋಡುತ್ತ ನಿಲ್ಲುತ್ತಾರೆ, ಆ ಹಾಡು ಶುರುವಾದ ಕೂಡಲೇ ಅದೇ ಫೋನನ್ನು ಮೇಲಕ್ಕೆತ್ತುತ್ತಾರೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ನನಗೆ ಸಾಕಾಗಿದೆ.

ಹಾಡಿನ ಹೆಸರು ‘ಭೋಗಿ’. ಹೈದರಾಬಾದಿನ ಗಲ್ಲಿಯ ಉರ್ದುವಾದ ದಖನಿಯಲ್ಲಿದೆ. "ಬಾವಾ ಜಲಾ ದಿಯೇ ಮೇರಿ ಕಿತಾಬ್, ರಾಖ್ ಸೇ ಲಿಖ್ತೂಂ ಮೈ ಅಬ್ ಜವಾಬ್." ಅಂದರೆ, ಅಪ್ಪ ನನ್ನ ಪುಸ್ತಕ ಸುಟ್ಟರು, ಆ ಬೂದಿಯಿಂದಲೇ ಈಗ ಉತ್ತರ ಬರೆಯುತ್ತೇನೆ. ಇದು ಕಟ್ಟುಕಥೆಯಲ್ಲ, ನನ್ನ ಮನೆಯಲ್ಲೇ ನಡೆದದ್ದು ಅಂತ ಪ್ರತಿ ವೇದಿಕೆಯ ಮೇಲೂ ಎದೆ ಮುಟ್ಟಿಕೊಂಡು ಹೇಳಿದ್ದೇನೆ.

ನಮ್ಮಜ್ಜ ಕೊಪ್ಪಳದ ಕಡೆಯಿಂದ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವರು. ಅಪ್ಪನೂ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಹಳೆಯ ಕಡತಗಳ ಧೂಳು ಕುಡಿದವರು. ನಾನು ಹುಟ್ಟಿ ಬೆಳೆದದ್ದು ಸನತ್‌ನಗರದಲ್ಲಿ, ಸಣ್ಣಪುಟ್ಟ ಕಾರ್ಖಾನೆಗಳ ಹಿಂದಿನ ಒಂದು ಸಾಲುಮನೆಯಲ್ಲಿ. ಬೀದಿಯಲ್ಲಿ ತೆಲುಗು, ಗೆಳೆಯರ ಜೊತೆ ದಖನಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಶಾಲೆಯಲ್ಲಿ ಕನ್ನಡ ಇರಲಿಲ್ಲ. ಅಕ್ಷರ ಕಲಿಸಿದ್ದು ಅಪ್ಪ, ರವಿವಾರಗಳಂದು, ಪಾಟಿ ಬಳಪ ಹಿಡಿಸಿ. ಹದಿನಾರನೆಯ ವಯಸ್ಸಿಗೆ ನಾನು ಕವಿತೆ ಶುರುಮಾಡಿದಾಗ ಕನ್ನಡದಲ್ಲೇ ಮಾಡಿದೆ. ಭಾಷಾಭಿಮಾನವೇನಲ್ಲ. ಗೆಳೆಯರಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ, ಅಷ್ಟೇ. ಗುಟ್ಟು ಬರೆಯುವವನಿಗೆ ಇನ್ನೇನು ಬೇಕು.

ಅವ್ವ ಸುಲ್ತಾನ್ ಬಜಾರಿನಿಂದ ಒಂದೇ ತರಹದ ಮೂರು ನೀಲಿ ರಟ್ಟಿನ ಉದ್ದ ನೋಟ್‌ಬುಕ್ಕು ತಂದುಕೊಟ್ಟಿದ್ದಳು. ಎರಡರಲ್ಲಿ ರಸಾಯನಶಾಸ್ತ್ರ ತುಂಬಿಸಿದೆ. ಮೂರನೆಯದರಲ್ಲಿ ಕವಿತೆ.

ಇಲ್ಲಿ ಅಪ್ಪನ ಒಂದು ಅಭ್ಯಾಸವನ್ನು ಹೇಳಬೇಕು. ರೆಕಾರ್ಡ್ ರೂಮಿನಲ್ಲಿ ಅವಧಿ ಮುಗಿದ ಕಾಗದ ಸುಡುವ ಮೊದಲು ಅದರ ಪಟ್ಟಿ ಮಾಡಬೇಕು, ಮೇಲಿನವರ ರುಜು ಬೀಳಬೇಕು. ಅದಾಗದೆ ಒಂದು ಚೀಟಿಗೂ ಕಡ್ಡಿ ಗೀರುವಂತಿಲ್ಲ. ಈ ಕಾಯಿದೆಯನ್ನು ಅವರು ಮನೆಗೂ ತಂದಿದ್ದರು. ರದ್ದಿಯವನಿಗೆ ಹಳೆ ಪೇಪರು ಹಾಕುವಾಗಲೂ ನೆಲದ ಮೇಲೆ ಕೂತು ಒಂದೊಂದೇ ಹಾಳೆ ಕೊಡವಿ ನೋಡುವರು. ಹೊರಗೆ ತಕ್ಕಡಿ ಹಿಡಿದವನು ಬಿಸಿಲಿನಲ್ಲಿ ಕಾಯುತ್ತ ಬೈದುಕೊಳ್ಳುವನು. ನಾನೂ ಅವ್ವನೂ ನಗುತ್ತಿದ್ದೆವು. ಕಂಡವರೆಲ್ಲ ನಕ್ಕಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಆಮೇಲೆ ಮಾಡಿಕೊಂಡ ತಪ್ಪಿಗೆ ಕ್ಷಮೆ ಇಲ್ಲ ಅಂತ ಈಗ ಅನಿಸುತ್ತದೆ.

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮ ಬೀದಿಯ ತೆಲುಗರು ಅವತ್ತು ನಸುಕಿಗೇ ಎದ್ದು ಹಳೆಯ ಚಾಪೆ, ಮುರುಕು ಕುರ್ಚಿ, ಬೇಡದ ಕಾಗದ ಎಲ್ಲವನ್ನೂ ನಡುಬೀದಿಯಲ್ಲಿ ಒಟ್ಟಿ ಬೆಂಕಿ ಹಾಕುವರು. ನಾವು ಕನ್ನಡದವರಾದರೂ ಆ ಬೀದಿಯವರೇ ತಾನೇ. ನನಗೆ ಹದಿನೇಳಾದ ವರ್ಷದ ಭೋಗಿಯಂದು ತಡವಾಗಿ ಎದ್ದು ಕಣ್ಣುಜ್ಜುತ್ತ ಹೊರಗೆ ಬಂದೆ. ಅಪ್ಪ ಮಫ್ಲರು ಸುತ್ತಿಕೊಂಡು ಬೆಂಕಿಯ ಮುಂದೆ ನಿಂತಿದ್ದರು. ಅವರ ಕೈಯಿಂದ ಒಂದು ನೀಲಿ ರಟ್ಟಿನ ನೋಟ್‌ಬುಕ್ಕು ಬೆಂಕಿಗೆ ಬಿತ್ತು. ನೋಡನೋಡುತ್ತಲೇ ರಟ್ಟು ಸುರುಟಿಕೊಂಡಿತು.

ಒಳಗೆ ಓಡಿ ಮಂಚದ ಕೆಳಗೆ ನೋಡಿದೆ. ನನ್ನ ಮೂರು ನೋಟ್‌ಬುಕ್ಕುಗಳಲ್ಲಿ ಒಂದೂ ಇರಲಿಲ್ಲ. ಹಬ್ಬದ ಕಸ ಗುಡಿಸುವಾಗ ಅವ್ವ ಎಲ್ಲವನ್ನೂ ಎತ್ತಿ ಬಾಗಿಲ ಹತ್ತಿರದ ರಾಶಿಗೆ ಹಾಕಿದ್ದಳಂತೆ. ನಾನು ಅಳುತ್ತ ಹಾರಾಡುವುದನ್ನು ಕಂಡು ಅವಳು, "ನಿಮ್ಮಪ್ಪ ಹಂಗ ನೋಡದ ಹಾಕೋರಲ್ಲೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ಹೋಗಿ ಒಂದ್ ಮಾತು ಕೇಳು" ಅಂದಳು.

ನಾನು ಕೇಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡೆ. ಸಿಟ್ಟಿನಲ್ಲಿ ಕನ್ನಡದ ಮೇಲೂ ಮುನಿಸು ಬಂದು, ಶಾಲೆಯ ಪುಸ್ತಕವೊಂದರ ಹಿಂಬದಿಗೆ ದಖನಿಯಲ್ಲಿ ಗೀಚುತ್ತ, ತೊಡೆಯ ಮೇಲೆ ತಾಳ ಹಾಕುತ್ತ, ಬಾಯಿಗೆ ಬಂದದ್ದನ್ನು ಅನ್ನುತ್ತ ಮಧ್ಯಾಹ್ನದವರೆಗೆ ಕೂತೆ. ರ‍್ಯಾಪ್ ಅನ್ನುವ ಪದ ಕೂಡ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವತ್ತು ಬರೆದ ಹದಿನಾರು ಸಾಲೇ ಮುಂದೆ ಹಾಡಿನ ತಳಪಾಯವಾಯಿತು.

ಹಾಡು ಊರಿಗೆಲ್ಲ ಹಬ್ಬಿದಾಗ ಬಂಧುಗಳು ಕೊಪ್ಪಳದಿಂದ ಫೋನು ಮಾಡಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. "ಏನ್ರಿ, ಮಗನ ಪುಸ್ತಕ ಸುಟ್ಟೀರಂತ?" ಅಪ್ಪ "ಹೂಂ, ಹಾಡ್ಯಾನ ನೋಡ್ರಿ" ಅಂತ ಫೋನು ಇಡುತ್ತಿದ್ದರು. ಬೇಸರವಿತ್ತೋ ಇಲ್ಲವೋ, ಮುಖದಲ್ಲಿ ಕಾಣುತ್ತಿರಲಿಲ್ಲ. ನನಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿ ಒಳಗೊಳಗೇ ಹಿಗ್ಗಾಗುತ್ತಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿಗ್ಗಾಗಿದ್ದು ನಿಜ.

ಕಳೆದ ಚಳಿಗಾಲಕ್ಕೆ ಬರುತ್ತೇನೆ. ನನ್ನ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಒಬ್ಬ ತೆಲುಗು ತರುಣನಿದ್ದಾನೆ. ಅವನು ಹೊಸ ಯೋಚನೆಯೊಂದನ್ನು ತಂದ. ಸುಟ್ಟುಹೋದ ಆ ಕವಿತೆಗಳನ್ನು ನೆನಪಿನಿಂದ ಮತ್ತೆ ಬರೆಯಬೇಕು, ಭೋಗಿಯ ಹೊತ್ತಿಗೆ ಅವುಗಳ ಒಂದು ಆಲ್ಬಮ್ಮು ಬರಬೇಕು. ಒಪ್ಪಿಕೊಂಡೆ. ಕೂತರೆ ಒಂದು ಸಾಲೂ ನೆನಪಾಗಲಿಲ್ಲ. ನೆನಪಿದ್ದದ್ದು ಒಂದೇ, ಅವು ಅದ್ಭುತವಾಗಿದ್ದವು ಅನ್ನುವುದು. ಸತ್ತ ಎಮ್ಮೆಗೆ ಕೊಡ ಹಾಲು. ಕೊನೆಗೆ ಹದಿನೇಳರ ಹುಡುಗನಂತೆ ನಟಿಸುತ್ತ ನಾಲ್ಕು ಕವಿತೆಗಳನ್ನು ಹೊಸದಾಗಿ ಕಟ್ಟಿ ಕಳಿಸಿದೆ. ಅವನಿಗೆ ಬಹಳ ಹಿಡಿಸಿದವು.

ಅದೇ ವಾರ ಅಪ್ಪನ ಜೀವಂತ ಪ್ರಮಾಣಪತ್ರದ ಕೆಲಸ ಬಂತು. ಪಿಂಚಣಿಯವರು ತಾವಿನ್ನೂ ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. ಅವ್ವ ಹೋದ ಮೇಲೆ ಅಪ್ಪನೂ ನಾನೂ ಸಿಕಂದರಾಬಾದಿನ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದೇವೆ. ಅವರಿಗೆ ಬಗ್ಗಲಾಗದು ಅಂತ ಟ್ರಂಕನ್ನು ನಾನೇ ತೆಗೆದೆ. ಮೇಲೆ ಪಿಂಚಣಿ ಕಾಗದ, ಅದರಡಿ ಅವ್ವನ ಮರಣಪತ್ರ, ನನ್ನ ಜನನಪತ್ರ. ಅದರ ಕೆಳಗೆ, ಕಡತಕ್ಕೆ ಕಟ್ಟುವ ಬಿಳಿ ಲಾಡಿ ಕಟ್ಟಿದ ನೀಲಿ ರಟ್ಟಿನ ಉದ್ದ ನೋಟ್‌ಬುಕ್ಕು.

ಮೊದಲ ಹಾಳೆಯಲ್ಲಿ ಅಪ್ಪನ ಕೆಂಪು ಶಾಯಿಯ ಅಕ್ಷರ: "ಈ ವಹಿಯಲ್ಲಿ ಒಂದರಿಂದ ತೊಂಬತ್ತಾರರವರೆಗೆ ಪುಟಗಳು ಇರುತ್ತವೆ ಎಂದು ದೃಢೀಕರಿಸಿದೆ." ಕಚೇರಿಯಲ್ಲಿ ಹೊಸ ರಿಜಿಸ್ಟರಿನ ಮೇಲೆ ಹೀಗೆ ಬರೆಯುತ್ತಾರೆ, ಯಾರೂ ಹಾಳೆ ಹರಿಯಬಾರದು ಅಂತ. ಕೆಳಗೆ ರುಜು, ಅದರ ಕೆಳಗೆ ತಾರೀಖು. ಆ ಭೋಗಿಯ ಹಿಂದಿನ ದಿನದ ತಾರೀಖು. ಪ್ರತಿ ಪುಟದ ಮೂಲೆಗೂ ಕೆಂಪು ಅಂಕಿ ಇತ್ತು. ನನ್ನ ಕವಿತೆ ಮುಗಿದದ್ದು ಮೂವತ್ತೊಂದಕ್ಕೆ. ಮುಂದಿನ ಖಾಲಿ ಪುಟಗಳಿಗೂ ಅವರು ಬಿಡದೆ ಅಂಕಿ ಹಾಕಿದ್ದರು.

ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಓದಿದೆ. "ಓ ಚಂದಿರಾ, ನೀನೆಷ್ಟು ಸುಂದರಾ, ನಿನ್ನ ಕಾಣದೆ ಬಿಕ್ಕಿದೆ ನನ್ನ ಹೃದಯಮಂದಿರಾ." ಮೂವತ್ತೊಂದು ಪುಟದಲ್ಲಿ ಹತ್ತೊಂಬತ್ತು ಸಲ ಚಂದ್ರ. ಸನತ್‌ನಗರದ ಹೊಗೆಯಲ್ಲಿ ನಾನು ಆ ಚಂದ್ರನನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಬೀದಿಯಿಲ್ಲ, ಕಾರ್ಖಾನೆಯ ಸೈರನ್ನಿಲ್ಲ, ಅವ್ವನಿಲ್ಲ, ಅಪ್ಪನಂತೂ ಇಲ್ಲವೇ ಇಲ್ಲ. ಇಷ್ಟು ಕೆಟ್ಟ ಕವಿತೆಗಳಿಗಾಗಿ ಹದಿನಾಲ್ಕು ವರ್ಷ ಒಬ್ಬ ಮನುಷ್ಯನನ್ನು ಊರೆಲ್ಲ ಸುಟ್ಟುಕೊಂಡು ತಿರುಗಿದೆನಲ್ಲ.

ಅಪ್ಪ ಹೊರಗಿನ ಕೋಣೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದೆ.

"ಅವತ್ತ ನೀವು ಸುಟ್ಟಿದ್ದು ಏನ್ರಿ ಅಪ್ಪಾ?"

"ನಿನ್ನ ಅದರ ಹಿಂದಿನ ವರ್ಷದ ಕೆಮಿಸ್ಟ್ರಿ ನೋಟ್ಸು. ಪರೀಕ್ಷಾ ಮುಗದಿತ್ತಲ್ಲ. ಒಂದು ಹಳೇ ಪಂಚಾಂಗನೂ ಇತ್ತು."

"ಮತ್ತ ಯಾಕ ಹೇಳಲಿಲ್ಲರಿ?"

ಅವರು ಕನ್ನಡಕ ಹಾಕಿಕೊಂಡು ನನ್ನನ್ನೊಮ್ಮೆ ನೋಡಿದರು. "ಹೇಳಾಕಂತನ ಬಂದಿದ್ದೆ. ನೀ ಬಾಗಲಾ ಹಾಕ್ಕೊಂಡು ಕುಂತಿದ್ದಿ. ಒಳಗ ಏನೋ ಅನಕೋತ ಬರಿಯಾಕತ್ತಿದ್ದಿ. ನಾ ಭಾಳ ಹೊತ್ತು ಅಲ್ಲೇ ನಿಂತು ಕೇಳಿದೆ. ನನ್ನ ಬೈಯಾಕತ್ತಿದ್ದಿ, ಖರೆ. ಆದ್ರ ಛಲೋ ಬೈಯಾಕತ್ತಿದ್ದಿ. ಆ ನೋಟ್‌ಬುಕ್ ನಾ ಹಿಂದಿನ ದಿನನ ಓದಿದ್ದೆ. ಅದನ್ನ ಕೊಟ್ಟೆ ಅಂದ್ರ ಹುಡುಗ ಮತ್ತ ಚಂದ್ರನ ಬೆನ್ನ ಹತ್ತತಾನ ಅನಿಸ್ತು. ನಾಕು ದಿನ ತಡದು ಕೊಡೋಣಂತ ಟ್ರಂಕಿನಾಗ ಇಟ್ಟೆ."

"ನಾಕು ದಿನ!"

"ನಾಳೆ ನಾಡದು ಅನಕೋತ ವರ್ಷಗಟ್ಟಲೆ ಹ್ವಾದುವು. ಆಮ್ಯಾಲ ಹಾಡು ಬಂತು. ಮಂದಿ ಕರ್ಯಾಕತ್ತಿದ್ರು. ಇನ್ನ ಹ್ಯಾಂಗ ಕೊಡ್ಲಿ?"

ನಾನು ಆ ತರುಣನಿಗೆ ಫೋನು ಮಾಡಿ, ನೋಟ್‌ಬುಕ್ಕು ಸಿಕ್ಕಿದೆ, ಅದು ಸುಟ್ಟಿರಲೇ ಇಲ್ಲ, ನಾನು ಕಳಿಸಿದ ನಾಲ್ಕು ಕವಿತೆಗಳೂ ಸುಳ್ಳು ಅಂದೆ. ಅವನು ಮೆಲ್ಲಗೆ, "ಎವ್ವರಿಕೀ ಚೆಪ್ಪಕು ಅನ್ನಾ" ಅಂದ. ಯಾರಿಗೂ ಹೇಳಬೇಡಣ್ಣಾ. ಸುಟ್ಟಿದ್ದಕ್ಕೇ ಬೆಲೆ, ಸಿಕ್ಕಿದ್ದನ್ನು ಯಾರು ಕೇಳುತ್ತಾರೆ ಅಂತ ಅವನ ವಾದ. ತಪ್ಪು ಅನ್ನುವಂತೆಯೂ ಇರಲಿಲ್ಲ. ಆಲ್ಬಮ್ಮು ಬೇಡ ಅಂದೆ. ಭೋಗಿಯ ಹಿಂದಿನ ದಿನಕ್ಕೆ ಒಪ್ಪಿಕೊಂಡಿದ್ದ ಕಾರ್ಯಕ್ರಮವನ್ನು ಮಾತ್ರ ಬಿಡಲಾಗಲಿಲ್ಲ. ಅಲ್ಲಿ ಎಲ್ಲರೆದುರು ನಿಜ ಹೇಳಿ ಕೈತೊಳೆದುಕೊಳ್ಳುವುದು ಅಂತ ನಿಶ್ಚಯಿಸಿದೆ.

ಒಂದು ಕಾಲೇಜಿನ ಮೈದಾನ, ಮಧ್ಯಾಹ್ನದ ಬಿಸಿಲು. ಕೊನೆಗೆ ಆ ಹಾಡಿನ ಬೀಟು ಶುರುವಾಯಿತು, ಫೋನುಗಳು ಮೇಲೆದ್ದವು. ನಾನು ಕೈಯೆತ್ತಿ ಬೀಟು ನಿಲ್ಲಿಸಿ, ದಖನಿಯಲ್ಲೇ, ಅಪ್ಪ ನನ್ನ ಪುಸ್ತಕ ಸುಡಲಿಲ್ಲ, ನಾನೇ ತಪ್ಪು ತಿಳಿದೆ, ಪುಸ್ತಕ ಮನೆಯಲ್ಲಿದೆ ಅಂದೆ. ಯಾರೋ ಜೋರಾಗಿ ಸಿಳ್ಳೆ ಹಾಕಿದರು. ಇದೂ ಹಾಡಿನದೇ ಭಾಗ, ಹೊಸದಾಗಿ ಸೇರಿಸಿದ್ದಾನೆ ಅಂದುಕೊಂಡರು. "ಬಾವಾ ಜಲಾ ದಿಯೇ" ಅಂತ ಒಂದು ಮೂಲೆಯಲ್ಲಿ ಎದ್ದದ್ದು ಇಡೀ ಮೈದಾನಕ್ಕೆ ಹರಡಿತು. ನಾನು ಮೈಕು ಕೆಳಗಿಳಿಸಿ ಬಾಯಿ ಮುಚ್ಚಿ ನಿಂತೆ. ಅವರು ಒಂದು ಪದವೂ ತಪ್ಪದಂತೆ ಕೊನೆಯವರೆಗೆ ಹಾಡಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ನನ್ನದಾದರೆ ಹೋಗಲಿ, ನಾನು ಕೊಯ್ದದ್ದು ಅಪ್ಪನದು.

ಮರುದಿನ ನಸುಕಿಗೆ ಎಚ್ಚರವಾದಾಗ ಮೊಣಕಾಲು ಎಂದಿನಂತೆ ಹಿಡಿದುಕೊಂಡಿತ್ತು. ಅಪ್ಪ ಬಾಲ್ಕನಿಯಲ್ಲಿ ಮಫ್ಲರು ಸುತ್ತಿಕೊಂಡು ನಿಂತಿದ್ದರು. ಕೆಳಗೆ ಅಪಾರ್ಟ್‌ಮೆಂಟಿನವರು ರಟ್ಟಿನ ಡಬ್ಬಗಳನ್ನು ಒಟ್ಟಿ ಭೋಗಿಯ ಬೆಂಕಿ ಹಾಕಿದ್ದರು. ಎರಡು ಕಪ್ ಚಹಾ ಮಾಡಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ನಿನ್ನೆ ಛಲೋ ಆತೇನು?"

"ಖರೇದು ಹೇಳಿದೆರಿ ಅಪ್ಪಾ. ಯಾರೂ ನಂಬಲಿಲ್ಲ. ಹಾಡು ಮಂದೀನ ಹಾಡಿ ಮುಗಿಸಿದ್ರು."

"ಹಾಡ್ಲಿ ಬಿಡು. ಅವರಿಗೇನು ನನ್ನ ಗುರ್ತು ಐತೇನು?" ಅಂದು ಅವರು ಒಂದು ಗುಟುಕು ಕುಡಿದರು. ಕೆಳಗೆ ಯಾರೋ ಬೆಂಕಿಗೆ ಹಳೆಯ ಪುಸ್ತಕವೊಂದನ್ನು ಎಸೆದರು. ಅಪ್ಪನ ಕತ್ತು ತಾನಾಗಿಯೇ ಮುಂದಕ್ಕೆ ಚಾಚಿತು, ಅದೇನೆಂದು ನೋಡಲು.

"ನಾ ಹೇಳಲಿಲ್ಲ, ಅದು ನಂದೂ ತಪ್ಪ" ಅಂದರು ಅಲ್ಲಿಂದ ಕಣ್ಣು ತೆಗೆಯದೆ. "ಆದ್ರ ನಾ ನೋಡದ ಒಂದ್ ಚೀಟಿನೂ ಸುಡಂಗಿಲ್ಲಂತ ನಿನಗ ಗೊತ್ತಿತ್ತು. ಸಿಟ್ಟು ಇಳದ ಮ್ಯಾಲ, ಒಂದಿನ ನೀನ ಬಂದು ಕೇಳತಿ ಅಂತ ಇದ್ದೆ."