ಎಲ್ಲರೂ ಬಿಟ್ಟ ಅರ್ಧರ್ಧ ಒಬ್ಬಟ್ಟು

ನಮ್ಮೆಜಮಾನರಿಗೆ ಹಾರ್ಟ್ ಅಟ್ಯಾಕ್ ಆಗಿ, ಸಕ್ಕರೆ ಕಾಯಿಲೆಯೂ ಇದೆಯೆಂದು ಗೊತ್ತಾದ ಮೇಲೆ ಬಂದ ಮೊದಲ ಯುಗಾದಿ ಅದು. ಆಗ ಇಂಗ್ಲೆಂಡಿನ ಬೀಸ್ಟನ್ನಿನಲ್ಲಿದ್ದೆವು. ಹಬ್ಬ ವಾರದ ನಡುವೆ ಬಂದದ್ದರಿಂದ ಊಟವನ್ನು ಭಾನುವಾರಕ್ಕಿಟ್ಟುಕೊಂಡು, ಲೆಸ್ಟರಿನಿಂದ ಇವರ ಡಾಕ್ಟರ್ ಗೆಳೆಯರನ್ನೂ ಅವರ ಹೆಂಡತಿಯನ್ನೂ ಕರೆದಿದ್ದೆವು. ಒಬ್ಬಟ್ಟಿಲ್ಲದೆ ಯುಗಾದಿಯೇ? ಮಾಡಿದೆ. ಆದರೆ ಇವರಿಗೆ ಅರ್ಧವೇ, ಅನ್ನ ಒಂದೇ ಸೌಟು ಎಂದು ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದೆ. ಈ ಮನುಷ್ಯನನ್ನು ಕಳೆದುಕೊಳ್ಳುವ ಭಯ ನನಗೆ ಅಷ್ಟಿತ್ತು.

ಬಡಿಸುವಾಗ ಹದ್ದಿನ ಕಣ್ಣು ನನ್ನದು. ಹಬ್ಬದೂಟ, ಇನ್ನರ್ಧ ಹಾಕಿ ಎಂದು ಡಾಕ್ಟರೇ ಶಿಫಾರಸು ಮಾಡಿದಾಗ, ಡಾಕ್ಟರಾಗಿ ಆಡುವ ಮಾತೇ ಇದು ಎಂದು ಅವರ ಬಾಯಿ ಮುಚ್ಚಿಸಿದೆ. ಇವರು ಪಾಪ, ಕೊಟ್ಟಷ್ಟು ತಿಂದು ಕೈ ತೊಳೆದರು. ಮಗಳು ಎಂದಿನಂತೆ ಮುಕ್ಕಾಲು ಬಿಟ್ಟಳು. ಡಾಕ್ಟರ ಹೆಂಡತಿ ಡಯಟ್ ಎಂದು ಮೊದಲೇ ಅರ್ಧ ಮುರಿದಿಟ್ಟಿದ್ದರು. ಎಲ್ಲವನ್ನೂ ಅಡುಗೆಮನೆಗೆ ತಂದೆ. ಅನ್ನದೇವರನ್ನು ಕಸದ ಬಿನ್ನಿಗೆ ಹಾಕುವ ಜಾಯಮಾನ ನಮ್ಮದಲ್ಲ.

ಆಮೇಲೆ ಡಾಕ್ಟರು ಕಾರಿನಿಂದ ಸಕ್ಕರೆ ನೋಡುವ ಮೀಟರ್ ತಂದು ಇವರ ಬೆರಳು ಚುಚ್ಚಿದರು. ಹತೋಟಿಯಲ್ಲಿದೆ ಎಂದರು. ನನಗೋ ಗೆದ್ದಷ್ಟು ಖುಷಿ. ನನ್ನದನ್ನೂ ನೋಡಿಬಿಡಿ ಎಂದು ಜಂಬದಿಂದಲೇ ಕೈ ಚಾಚಿದೆ.

ಚುಚ್ಚಿ ಮೀಟರ್ ನೋಡುತ್ತಲೇ ಡಾಕ್ಟರ ಮುಖದ ನಗು ಮಾಯವಾಯಿತು. ಬೆರಳಿಗೆ ಸಿಹಿ ಅಂಟಿರಬಹುದೆಂದು ಸೋಪು ಹಾಕಿ ಕೈ ತೊಳೆದು ಬರಲು ಹೇಳಿ ಇನ್ನೊಂದು ಬೆರಳು ಚುಚ್ಚಿದರು. ಮತ್ತೆ ಅಷ್ಟೇ ಬಂತು.

"ಅತ್ತಿಗೆ, ಇದು ತುಂಬಾ ಜಾಸ್ತಿ ಇದೆ. ಏನೇನು ತಿಂದ್ರಿ?"

"ನಾನಾ? ನಾನಿನ್ನೂ ಊಟಕ್ಕೇ ಕೂತಿಲ್ಲ ಡಾಕ್ಟ್ರೇ."

ನಿಮ್ಮ ಮೀಟರೇ ಕೆಟ್ಟಿರಬೇಕು ಎಂದೂ ಸೇರಿಸಿದೆ. ಸೋಫಾದಲ್ಲಿದ್ದ ಮಗಳು ಟಿವಿಯಿಂದ ಕಣ್ಣು ತೆಗೆಯದೆ ಅಂದಳು, "ಯು ಏಟ್ ಮೈನ್, ಅಮ್ಮ. ಯು ಆಲ್ವೇಸ್ ಡೂ."

ಆಗ ನೆನಪಾಯಿತು. ಇವರಿಗೆ ಮುರಿದ ಒಬ್ಬಟ್ಟಿನ ಇನ್ನರ್ಧ, ಮಗಳು ಬಿಟ್ಟದ್ದು, ಡಾಕ್ಟರ ಹೆಂಡತಿ ಮುರಿದಿಟ್ಟದ್ದು, ಪಾತ್ರೆಯ ತಳದ ಹೂರಣ, ಎಲ್ಲವನ್ನೂ ಸಿಂಕಿನ ಮುಂದೆ ನಿಂತೇ ಬಾಯಿಗೆ ಹಾಕಿಕೊಂಡಿದ್ದೆ. ಅದನ್ನು ತಿಂದದ್ದು ಅನ್ನುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷವೂ ಹೊಳೆದಿರಲಿಲ್ಲ.

ನಾಳೆಯೇ ಜಿಪಿ, ಅಂದರೆ ನಮ್ಮ ಮನೆ ಡಾಕ್ಟರ, ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು ಡಾಕ್ಟರು. ನಮ್ಮೆಜಮಾನರು ರೇಗುತ್ತಾರೆಂದುಕೊಂಡೆ. ರೇಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಪಕ್ಕಕ್ಕೆ ಬಂದು ಮೆತ್ತಗೆ ಕೇಳಿದರು:

"ನನ್ನನ್ನ ಉಳಿಸ್ಕೊಂಡು ನೀನು ಹೊರಟುಬಿಟ್ರೆ, ಆಮೇಲೆ ನಾನೇನು ಮಾಡ್ಲಿ?"

ಎದುರುತ್ತರ ಕೊಡುವುದರಲ್ಲಿ ನಾನು ಎತ್ತಿದ ಕೈ. ಅವತ್ತು ಮಾತ್ರ ತಟ್ಟೆ ತಂದು ಅವರ ಪಕ್ಕದಲ್ಲೇ ಕೂತು, ನನಗೂ ಒಂದೇ ಸೌಟು ಅನ್ನ ಬಡಿಸಿಕೊಂಡೆ.