ಮೂರು ಬೀಗದ ಬಾಡಿಗೆ ಮನೆ

ನಮ್ಮ ಬೀದಿಯ ದರ್ಜಿಯಂಥ ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಕನ್ನಡಿಯಲ್ಲಿ ಕಂಡ ತನ್ನ ಮುಖವನ್ನೂ ಎರಡು ಸಲ ವಿಚಾರಿಸಿಕೊಳ್ಳುವವನು. ಬಾಮೈದ ಮತ್ತು ಪಕ್ಕದಂಗಡಿಯ ಕ್ಷೌರಿಕನ ಜೊತೆ ಪಾಲಿನಲ್ಲಿ ಬಾಡಿಗೆಗೆಂದು ಮನೆ ಕೊಂಡಾಗ, ಯಾರೂ ಒಬ್ಬರೇ ಒಳಹೋಗಬಾರದೆಂದು ಹಟ ಹಿಡಿದು ಬಾಗಿಲಿಗೆ ಒಬ್ಬೊಬ್ಬರಿಗೆ ಒಂದರಂತೆ ಮೂರು ಬೀಗ ಹಾಕಿಸಿದ.

ಮನೆ ನೋಡಲು ಮೊದಲು ಬಂದವಳು ಒಬ್ಬ ನರ್ಸಮ್ಮ. ಬಾಮೈದ ತನ್ನ ಬೀಗ ತೆಗೆದ, ಕ್ಷೌರಿಕನೂ ತೆಗೆದ. ದರ್ಜಿ ಮಾತ್ರ ಜೇಬು ತಡಕಾಡುತ್ತಲೇ ನಿಂತ.

“ಕೀ ಮರೆತ್ರಾ ಭಾವ? ಅವರು ಹೊರಟೇಬಿಟ್ರು!” ಎಂದು ಬಾಮೈದ ತಲೆ ಚಚ್ಚಿಕೊಂಡ.

“ಮನೆ ಬೇಡ, ಬೀಗಾನೇ ಬಾಡಿಗೆಗೆ ಕೊಡೋಣ ಬಿಡಿ,” ಎಂದ ಕ್ಷೌರಿಕ.

ನರ್ಸಮ್ಮ ಗೇಟು ದಾಟುವಷ್ಟರಲ್ಲಿ ದರ್ಜಿ ಮುಖ ಕೆಂಪಗೆ ಮಾಡಿಕೊಂಡು ತನ್ನ ಬೀಗ ಎಳೆದ. ಅದು ಸಲೀಸಾಗಿ ಕೈಗೆ ಬಂತು.

“ನಂದು ಬರೀ ನೇತುಹಾಕಿದ್ದು. ಯಾವತ್ತೂ ಒತ್ತೇ ಇಲ್ಲ,” ಎಂದು ಗೊಣಗಿ ಬಾಗಿಲು ತಳ್ಳಿದ.